ಬರೆಯದೆ ಬಿಟ್ಟ ಕಲ್ಲುಗಳು

(ಜಲವರ್ಣ ಚಿತ್ರ ಬರೆಯುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದುಕೊಂಡಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಚಿತ್ರ ಎಲ್ಲರಿಗೂ ಕಾಣುತ್ತಿದೆಯಾ? ಹಿಂದೆ ಕೂತವರು ಬೇಕಾದರೆ ಮುಂದೆ ಬನ್ನಿ. ಅಥವಾ ಬೇಡ, ಅಲ್ಲೇ ಇರಿ. ದೂರದಿಂದ ನೋಡುವವರೂ ನನಗೆ ಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇದು ಬೆಲ್ಜಿಯಂನ ಟೈನ್ ಕಾಟ್. ಈಪರ್ ಪಟ್ಟಣದಿಂದ ಸುಮಾರು 9 ಕಿಲೋಮೀಟರ್ ದೂರ, ಪಾಸೆಂಡೇಲ್ ಊರಿನ ಹತ್ತಿರ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ ಸ್ಥಳ. ಕಾಮನ್‌ವೆಲ್ತ್ ದೇಶಗಳ ಸೈನಿಕರ ಸಮಾಧಿ ಸ್ಥಳಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಕೆಳಗೆ ಹುಲ್ಲು, ಅದರ ಮೇಲೆ ಬಿಳಿ ಕಲ್ಲಿನ ಸಾಲುಗಳು, ಏರಿನ ಮೇಲೆ ದೊಡ್ಡ ಶಿಲುಬೆ, ಅದರ ಹಿಂದೆ ಬಾಗಿದ ಉದ್ದ ಗೋಡೆ, ಮೇಲೆ ಮೋಡ. ಚಿತ್ರದಲ್ಲಿ ಇರುವುದು ಇಷ್ಟೇ.

ಒಂದು ಪ್ರಶ್ನೆ ಕೇಳುತ್ತೇನೆ. ಈ ಕಲ್ಲುಗಳಿಗೆ ನಾನು ಯಾವ ಬಿಳಿ ಹಾಕಿದ್ದೇನೆ? ಯಾರೋ ಟೈಟಾನಿಯಂ ವೈಟ್ ಅಂದರು. ಇನ್ನೊಬ್ಬರು ಚೈನೀಸ್ ವೈಟ್ ಅಂದರು. ಎರಡೂ ಅಲ್ಲ. ಈ ಚಿತ್ರದಲ್ಲಿ ಬಿಳಿ ಬಣ್ಣ ಒಂದು ತೊಟ್ಟೂ ಇಲ್ಲ. ಕಾಣುತ್ತಿರುವುದು ಕಾಗದ. ನಾನು ಬರೆದದ್ದು ಹುಲ್ಲನ್ನು. ಹುಲ್ಲು ಬರೆಯುತ್ತಾ ಹೋದೆ, ಕಲ್ಲಿನ ಜಾಗ ಬಿಡುತ್ತಾ ಹೋದೆ. ಜಲವರ್ಣ ಮಾಡುವವರಿಗೆ ಇದು ಹೊಸದೇನಲ್ಲ. ಬಿಳಿ ಅಂಗಿ, ಬಿಳಿ ದೋಣಿ, ನೀರಿನ ಹೊಳಪು, ಎಲ್ಲವನ್ನೂ ನಾವು ಹೀಗೇ ಬಿಡುತ್ತೇವೆ. ಆದರೆ ಇಲ್ಲಿ ಬಿಡುವ ಕೆಲಸ ಮಾಡುವಾಗ ಕೈ ಸ್ವಲ್ಪ ನಿಧಾನ ಆಗುತ್ತದೆ.

ಕನ್ನಡದಲ್ಲಿ ಒಂದು ಅನುಕೂಲ ಇದೆ ನೋಡಿ. ನಾವು ಚಿತ್ರವನ್ನೂ ಬರೆಯುತ್ತೇವೆ, ಹೆಸರನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಈ ಚಿತ್ರದ ತಕರಾರು ಇರುವುದೇ ಅಲ್ಲಿ. ಚಿತ್ರ ಬರೆದರೆ ಹೆಸರು ಬರೆಯಲಾಗುವುದಿಲ್ಲ. ಹೆಸರು ಬರೆಯಲು ಹೋದರೆ ಚಿತ್ರ ಉಳಿಯುವುದಿಲ್ಲ.

ಅದನ್ನು ಬಿಡಿಸಿ ಹೇಳಬೇಕಾದರೆ ಕಲ್ಲಿನ ಕಥೆ ಸ್ವಲ್ಪ ಗೊತ್ತಿರಬೇಕು.

1917ರ ಮೇ ತಿಂಗಳಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಬ್ರಿಟಿಷ್ ಸಾಮ್ರಾಜ್ಯದ ಸತ್ತ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳಲು ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಶುರುವಾಯಿತು. ಈಗ ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಇದರ ಹಿಂದೆ ಇದ್ದವರು ಫೇಬಿಯನ್ ವೇರ್. ಯುದ್ಧಕ್ಕೆ ಹೋದದ್ದು ರೆಡ್ ಕ್ರಾಸ್ ಗಾಡಿಗಳ ತಂಡದ ಜೊತೆ. ಅಲ್ಲಿ ಸಮಾಧಿಗಳ ಲೆಕ್ಕ ಇಡುವವರು ಯಾರೂ ಇಲ್ಲ ಅನ್ನುವುದು ಅವರ ಕಣ್ಣಿಗೆ ಬಿತ್ತು, ಆ ಕೆಲಸ ಹಿಡಿದರು. 1918ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಮುಖ್ಯಸ್ಥ ಫ್ರೆಡರಿಕ್ ಕೆನ್ಯನ್ ಒಂದು ವರದಿ ಕೊಟ್ಟರು. ಅದರ ತಿರುಳು ಸರಳ. ಜನರಲ್ ಇರಲಿ, ಸಾಮಾನ್ಯ ಸಿಪಾಯಿ ಇರಲಿ, ಎಲ್ಲರಿಗೂ ಒಂದೇ ಅಳತೆಯ ಕಲ್ಲು. ಎತ್ತರ 81 ಸೆಂಟಿಮೀಟರ್, ಅಗಲ 38, ದಪ್ಪ ಏಳೂವರೆ ಚಿಲ್ಲರೆ. ತಲೆಭಾಗ ಸ್ವಲ್ಪ ಬಾಗಿರುತ್ತದೆ, ಮಳೆನೀರು ನಿಲ್ಲಬಾರದು ಅಂತ. ನೆಲದ ಕೆಳಗೆ ಕಾಂಕ್ರೀಟ್ ತೊಲೆ ಇರುತ್ತದೆ. ಸಾಲು ವರ್ಷಗಟ್ಟಲೆ ನೆಟ್ಟಗೆ ನಿಲ್ಲುವುದು ಅದರಿಂದ.

ಎಲ್ಲರೂ ಇದನ್ನು ಒಪ್ಪಿದರು ಅಂದುಕೊಳ್ಳಬೇಡಿ. ಮಕ್ಕಳನ್ನು ಕಳೆದುಕೊಂಡ ಎಷ್ಟೋ ಮನೆಯವರಿಗೆ ಶಿಲುಬೆ ಬೇಕಿತ್ತು, ಕಲ್ಲಿನ ಹಲಗೆ ಅಲ್ಲ. ಕೆಲವರಿಗೆ ಹೆಣವನ್ನೇ ಊರಿಗೆ ತರಬೇಕಿತ್ತು. 8,000ಕ್ಕೂ ಜಾಸ್ತಿ ಸಹಿ ಇದ್ದ ಒಂದು ಮನವಿ ಹೋಯಿತು. 1920ರ ಮೇ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಜೋರು ಚರ್ಚೆ ಆಯಿತು. ಕೊನೆಗೆ ಕಮಿಷನ್ ಹೇಳಿದ್ದೇ ನಡೆಯಿತು. ಮನೆಯವರಿಗೆ ಸಿಕ್ಕಿದ್ದು ಕಲ್ಲಿನ ಬುಡದಲ್ಲಿ ಒಂದು ಸಾಲು. ಅದೂ ಪದಗಳ ನಡುವಿನ ಖಾಲಿ ಜಾಗ ಸೇರಿಸಿ 66 ಅಕ್ಷರಗಳ ಮಿತಿಯಲ್ಲಿ. ಅರವತ್ತಾರು ಅಕ್ಷರದಲ್ಲಿ ಮಗನ ಬಗ್ಗೆ ಏನು ಹೇಳುತ್ತೀರಿ? ಸುಮ್ನೆ ಮನೆಗೆ ಹೋಗಿ ಒಂದು ಸಲ ಪ್ರಯತ್ನಿಸಿ ನೋಡಿ.

ಹಾಗಾಗಿ ಈ ಜಾಗದಲ್ಲಿ ಎರಡು ವಿಷಯ ಒಟ್ಟಿಗೆ ಇವೆ. ಎಲ್ಲಾ ಕಲ್ಲೂ ಒಂದೇ ತರ. ಆದರೆ ಪ್ರತಿ ಕಲ್ಲೂ ಒಬ್ಬನದು. ಈಗ ಚಿತ್ರಕಾರ ಎಲ್ಲಿ ನಿಲ್ಲಬೇಕು?

ಹತ್ತಿರ ನಿಂತರೆ ಹೆಸರು ಓದಬಹುದು. ಪಡೆಯ ಲಾಂಛನ, ನಂಬರು, ಸತ್ತ ದಿನ, ವಯಸ್ಸು, ಬುಡದಲ್ಲಿ ಆ ಒಂದು ಸಾಲು, ಎಲ್ಲ ಕಾಣುತ್ತದೆ. ಆದರೆ ಆಗ ಎದುರಿಗೆ ಇರುವುದು ನಾಲ್ಕೈದು ಕಲ್ಲು ಮಾತ್ರ. ಅಲ್ಲಿಂದ ಹಿಂದೆ ಸರಿಯುತ್ತಾ ಹೋಗಿ. ಮೊದಲು ಮನೆಯವರ ಸಾಲು ಹೋಗುತ್ತದೆ. ಆಮೇಲೆ ಹೆಸರು. ಆಮೇಲೆ ಲಾಂಛನ. ಇನ್ನೂ ಸರಿದರೆ ಕಲ್ಲುಗಳು ಚುಕ್ಕೆ ಆಗುತ್ತವೆ. ಕೊನೆಗೆ ಚುಕ್ಕೆಗಳೂ ಸೇರಿ ಬಿಳಿ ಪಟ್ಟಿ ಆಗುತ್ತವೆ. ಆಗ ಮಾತ್ರ ಲ್ಯಾಂಡ್‌ಸ್ಕೇಪ್ ಸಿಗುತ್ತದೆ. ಅಂದರೆ ಹೆಸರು ಕಳೆದ ಮೇಲೆ.

ನಾವೆಲ್ಲ ಕಲಿತದ್ದು ಇದನ್ನೇ ತಾನೆ? ದೂರದ್ದನ್ನು ಸೇರಿಸು, ವಿವರ ಬಿಡು, ಕಾಡಿನಲ್ಲಿ ಎಲೆ ಎಣಿಸಬೇಡ. ಎಲೆಗೆ ಈ ಮಾತು ಸರಿ. ಕಮಿಷನ್ ಹುಟ್ಟಿದ್ದೇ ಒಬ್ಬೊಬ್ಬನನ್ನು ಬೇರೆಬೇರೆಯಾಗಿ ಎಣಿಸುವುದಕ್ಕೆ. ಅಂಥ ಕಡೆ ಕೂತು ನಾನು, ಒಳ್ಳೆಯ ಚಿತ್ರಕ್ಕಾಗಿ, ಅವರನ್ನೆಲ್ಲ ಮತ್ತೆ ಸೇರಿಸಿ ಒಂದು ಬಿಳಿ ಪಟ್ಟಿ ಮಾಡುತ್ತಿದ್ದೇನೆ. ಇದು ನನ್ನನ್ನು ಕಾಡಿತು. ಈಗಲೂ ಕಾಡುತ್ತದೆ.

ಎಲ್ಲವನ್ನೂ ಬರೆದುಬಿಡೋಣ ಅಂತಲೂ ಲೆಕ್ಕ ಹಾಕಿದೆ. ನಗಬೇಡಿ. ಟೈನ್ ಕಾಟ್‌ನಲ್ಲಿ ಸುಮಾರು 12,000 ಸಮಾಧಿ ಇವೆ. ನನ್ನ ಕಾಗದ 38 ಸೆಂಟಿಮೀಟರ್ ಎತ್ತರ, 56 ಅಗಲ. ಆಕಾಶ ಬಿಟ್ಟರೆ ಸಮಾಧಿಗಳಿಗೆ ಉಳಿಯುವುದು ಅರ್ಧ, ಹೆಚ್ಚು ಕಮ್ಮಿ 1,000 ಚದರ ಸೆಂಟಿಮೀಟರ್. ಅಂದರೆ ಒಂದು ಉಗುರಿನಷ್ಟು ಜಾಗದಲ್ಲಿ 12 ಕಲ್ಲು ಬಿಡಬೇಕು. ಸೊನ್ನೆ ನಂಬರಿನ ಬ್ರಷ್ಷಿಗೂ ಅದು ಆಗದ ಕೆಲಸ. ಈ ಚಿತ್ರದಲ್ಲಿ ಇದು ಕಲ್ಲು ಅಂತ ಬೆರಳಿಟ್ಟು ತೋರಿಸಬಹುದಾದವು 64. ಎಣಿಸಿದ್ದೇನೆ.

ಇನ್ನೊಂದು ವಿಷಯ. ಹತ್ತಿರ ಹೋದರೆ ಹೆಸರು ಸಿಗುತ್ತದೆ ಅಂದೆನಲ್ಲ, ಟೈನ್ ಕಾಟ್‌ನಲ್ಲಿ ಅದೂ ಪೂರ್ತಿ ನಿಜ ಅಲ್ಲ. ಆ 12,000ದಲ್ಲಿ 8,300ಕ್ಕೂ ಜಾಸ್ತಿ ಸಮಾಧಿಗಳು ಯಾರವು ಅಂತ ಗೊತ್ತಿಲ್ಲ. ಅಂಥ ಕಲ್ಲಿನ ಮೇಲೆ 'ಮಹಾಯುದ್ಧದ ಒಬ್ಬ ಸೈನಿಕ' ಅಂತ ಇರುತ್ತದೆ, ಕೆಳಗೆ 'ದೇವರಿಗೆ ಗೊತ್ತು' ಅನ್ನುವ ಅರ್ಥದ ಮಾತು. ಈ ಮಾತನ್ನು ಕೊಟ್ಟವರು ಬ್ರಿಟಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್. ಅವರ ಮಗ 1915ರಲ್ಲಿ ಲೂಸ್ ಕದನದಲ್ಲಿ ಕಾಣೆಯಾದ. ಅಪ್ಪ ಬದುಕಿರುವ ತನಕ ಮಗನ ಸಮಾಧಿ ಸಿಗಲಿಲ್ಲ.

ಈಗ ಚಿತ್ರದ ಹಿಂಬದಿಯ ಆ ಗೋಡೆ ನೋಡಿ. ಬೂದು ಬಣ್ಣದ ಒಂದು ಗೆರೆ. ಅರ್ಧ ಇಂಚಿನ ಚಪ್ಪಟೆ ಬ್ರಷ್ಷಿನಲ್ಲಿ ಎಡದಿಂದ ಬಲಕ್ಕೆ ಒಂದೇ ಎಳೆತ. ಎರಡು ಸೆಕೆಂಡ್ ಹಿಡಿಯಿತೋ ಏನೋ. ಆ ಗೋಡೆಯ ಮೇಲೆ ಸುಮಾರು 35,000 ಹೆಸರುಗಳಿವೆ, ಸಮಾಧಿ ಗೊತ್ತಿಲ್ಲದವರ ಹೆಸರುಗಳು. ಮುಂದೆ ಹುಲ್ಲಿನಲ್ಲಿ ಹೆಸರಿಲ್ಲದ ದೇಹಗಳು. ಹಿಂದೆ ಗೋಡೆಯಲ್ಲಿ ದೇಹವಿಲ್ಲದ ಹೆಸರುಗಳು. ಇಬ್ಬರೂ ಒಂದೇ ಆಗಿರುವ ಜೋಡಿಗಳು ಎಷ್ಟೋ ಇರಬೇಕು ಅಲ್ವಾ? ಕೂಡಿಸುವ ದಾರಿ ಮಾತ್ರ ಇಲ್ಲ.

ಸರಿ, ಕೈಕೆಲಸಕ್ಕೆ ಬರೋಣ. ನಿಮ್ಮಲ್ಲಿ ಜಾಸ್ತಿ ಜನ ಅದಕ್ಕೇ ಬಂದಿರುವುದು.

ನನ್ನ ಮೊದಲ ಎರಡು ಚಿತ್ರ ಹಾಳಾದವು. ಮೊದಲನೆಯದರಲ್ಲಿ ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ರಬ್ಬರ್ ಹಾಲಿನಂಥ ದ್ರವ. ಬಿಳಿ ಉಳಿಯಬೇಕಾದ ಕಡೆ ಹಚ್ಚಿ, ಒಣಗಿದ ಮೇಲೆ ಮೇಲಿಂದ ಬಣ್ಣ ಹಾಕಿ, ಆಮೇಲೆ ಉಜ್ಜಿ ತೆಗೆಯಬೇಕು. ನಾನು ಹಚ್ಚಿ ನಾಲ್ಕು ದಿನ ಬಿಟ್ಟೆ. ತೆಗೆಯುವಾಗ ಕಾಗದದ ಚರ್ಮವೇ ಕಿತ್ತು ಬಂತು. ಉಳಿದ ಕಲ್ಲುಗಳೋ, ಎಲ್ಲ ಒಂದೇ ಬಿಳಿ, ಅಂಚು ಗಡುಸು. ದೂರದಿಂದ ನೋಡಿದರೆ ಹಲ್ಲಿನ ಸೆಟ್ಟು! ಹಸಿರು ಒಸಡಿನಲ್ಲಿ ಬಿಳಿ ಹಲ್ಲು. ನೋಡಿ ಮನಸ್ಸಿಗೆ ಹಿಂಸೆ ಆಯಿತು.

ಎರಡನೆಯದರಲ್ಲಿ ಹುಲ್ಲನ್ನು ಪೂರ್ತಿ ಬರೆದು, ಮೇಲಿಂದ ಗ್ವಾಶ್ ಬಿಳಿ ಇಟ್ಟೆ, ಕೆಳಗಿನದ್ದನ್ನು ಮುಚ್ಚುವ ದಪ್ಪ ಬಣ್ಣ. ಇನ್ನೂ ಕೆಟ್ಟದಾಯಿತು. ಕಲ್ಲುಗಳು ಹುಲ್ಲಿನ ಮೇಲೆ ಅಂಟಿಸಿದ ಕಾಗದದ ಚೂರಿನಂತೆ ತೇಲಿದವು. ನೆಲಕ್ಕೆ ಇಳಿದಿರಲೇ ಇಲ್ಲ.

ಆಮೇಲೆ ಗೊತ್ತಾಯಿತು, ಕಲ್ಲು ನಿಲ್ಲುವುದು ಅದರ ಬುಡದಲ್ಲಿ. ಬುಡ ಗಟ್ಟಿ ಗೆರೆ ಆಗಿರಬಾರದು. ಅಲ್ಲಿ ಹೂವಿನ ಪಟ್ಟಿ ಇರುತ್ತದೆ, ಕುಳ್ಳು ಗಿಡಗಳು, ನಡುವೆ ಗುಲಾಬಿ. ಅಂದಕ್ಕೆ ಮಾತ್ರ ಅಲ್ಲ, ಮಳೆಗೆ ಮಣ್ಣು ಎಗರಿ ಕಲ್ಲಿನ ಅಕ್ಷರಕ್ಕೆ ಹತ್ತಬಾರದು ಅಂತ. ಗರ್ಟ್ರೂಡ್ ಜೀಕಿಲ್ ಅನ್ನುವ ತೋಟಗಾರ್ತಿ ಶುರುವಿನಲ್ಲಿ ಇಂಥ ಕೆಲವು ಜಾಗಗಳಿಗೆ ಗಿಡಗಳ ನಕ್ಷೆ ಮಾಡಿಕೊಟ್ಟಿದ್ದರು. ಚಿತ್ರಕಾರನಿಗೆ ಆ ಪಟ್ಟಿ ವರ. ಒದ್ದೆ ಬ್ರಷ್ಷಿನಿಂದ ಬುಡ ಮೆತ್ತಗೆ ಮಾಡಿದರೆ ಕಲ್ಲು ತಾನಾಗಿ ನೆಲಕ್ಕೆ ಇಳಿಯುತ್ತದೆ.

ಗೊತ್ತಾದ ಎರಡನೇ ವಿಷಯ, ಕಲ್ಲು ಬಿಳಿಯೇ ಅಲ್ಲ. ಹೆಚ್ಚಿನವು ಪೋರ್ಟ್‌ಲ್ಯಾಂಡ್ ಕಲ್ಲು, ಇಂಗ್ಲೆಂಡಿನ ದಕ್ಷಿಣ ತೀರದ ಸುಣ್ಣದ ಕಲ್ಲು. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಟ್ಟಿದ್ದೂ ಅದರಲ್ಲೇ. ಹತ್ತಿರದಿಂದ ನೋಡಿದರೆ ಅದರಲ್ಲಿ ಹಳೆಯ ಚಿಪ್ಪಿನ ಚೂರು ಕಾಣುತ್ತವೆ. ಬಿಸಿಲು ಬಿದ್ದ ಕಡೆ ಕೆನೆ ಬಣ್ಣ. ನೆರಳಿನ ಬದಿಗೆ ಕೋಬಾಲ್ಟ್ ನೀಲಿಯಲ್ಲಿ ಚೂರೇ ಚೂರು ಲೈಟ್ ರೆಡ್. ಬುಡದ ಹತ್ತಿರ ಹುಲ್ಲಿನ ಹಸಿರು ಕಲ್ಲಿನ ಮೇಲೆ ಪ್ರತಿಫಲಿಸುತ್ತದೆ, ಅದನ್ನು ಮರೆಯಬೇಡಿ. ಸೂರ್ಯ ಕಲ್ಲಿನ ಹಿಂದೆ ಇದ್ದರಂತೂ ಲೆಕ್ಕವೇ ತಲೆಕೆಳಗು. ಹುಲ್ಲು ಹೊಳೆಯುತ್ತದೆ, ಕಲ್ಲು ಕಪ್ಪಾಗುತ್ತದೆ. ಬಿಳಿ ಕಲ್ಲನ್ನು ಹುಲ್ಲಿಗಿಂತ ಗಾಢವಾಗಿ ಬರೆಯಬೇಕಾಗುತ್ತದೆ. ತಲೆ ಒಪ್ಪುವುದಿಲ್ಲ. ಕಣ್ಣನ್ನು ನಂಬಿ.

ಆಕಾಶದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ನೆಲ ಚಪ್ಪಟೆ, ಆಕಾಶ ದೊಡ್ಡದು, ಮೋಡ ಬೇಗ ಬದಲಾಗುತ್ತದೆ. ಒದ್ದೆ ಕಾಗದದಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿ.

ಹಸಿರಿನ ಬಗ್ಗೆ ಮಾತ್ರ ಹೇಳಲೇಬೇಕು. ಆ ಹುಲ್ಲು ವಿಪರೀತ ಅಚ್ಚುಕಟ್ಟು, ಮೆಷಿನ್ ಓಡಿದ ಪಟ್ಟೆಗಳೂ ಕಾಣುತ್ತವೆ. ಟ್ಯೂಬಿನಿಂದ ಸ್ಯಾಪ್ ಗ್ರೀನ್ ಹಿಂಡಿ ಹಾಕಿದರೆ ಗಾಲ್ಫ್ ಮೈದಾನ ಆಗುತ್ತದೆ. ಈ ನೆಲ 1917ರಲ್ಲಿ ಹೇಗಿತ್ತು ಅನ್ನುವುದು ಗೊತ್ತಿದ್ದರೆ ಆ ಹಸಿರು ಹಾಕಲು ಕೈ ಬರುವುದಿಲ್ಲ. ಆ ವರ್ಷ ಜುಲೈ 31ರಿಂದ ನವೆಂಬರ್ 10ರ ತನಕ ಇಲ್ಲಿ ಈಪರ್‌ನ ಮೂರನೇ ಕದನ ನಡೆಯಿತು. ಫಿರಂಗಿ ಗುಂಡಿನ ಹೊಡೆತಕ್ಕೆ ಹೊಲದ ಕಾಲುವೆಗಳೆಲ್ಲ ಒಡೆದವು, ಮೇಲಿಂದ ಮಳೆ. ಹೊಲ ಕೆಸರಾಯಿತು. ಮನುಷ್ಯರು ಮುಳುಗುವಷ್ಟು ಕೆಸರು. ಬ್ರಿಟಿಷ್ ಚಿತ್ರಕಾರ ಪಾಲ್ ನ್ಯಾಶ್ ಆ ವರ್ಷದ ಕೊನೆಗೆ ಇಲ್ಲಿಗೆ ಬಂದರು, ಸರ್ಕಾರ ಕಳಿಸಿದ ಯುದ್ಧ ಚಿತ್ರಕಾರರಾಗಿ. ಕಂದು ಕಾಗದ, ಚಾಕ್, ಶಾಯಿ, ಜಲವರ್ಣ, ಕೈಗೆ ಸಿಕ್ಕಿದ್ದರಲ್ಲಿ ಬರೆದರು. ಅವರ ಆ ಚಿತ್ರಗಳಲ್ಲಿ ಸಮಾಧಿ ಅಂತ ಬೇರೆ ಇಲ್ಲ. ಇಡೀ ನೆಲವೇ ಗುಡ್ಡೆಗುಡ್ಡೆ.

ಅದಕ್ಕೆ ನಾನು ಒಂದು ಕೆಲಸ ಮಾಡಿದೆ. ಕಲ್ಲಿನ ಜಾಗ ಬಿಟ್ಟು ಮೊದಲು ಇಡೀ ನೆಲಕ್ಕೆ ಬರ್ಂಟ್ ಅಂಬರಿನ ತೆಳು ವಾಶ್ ಕೊಟ್ಟೆ. ಕೆಸರಿನ ಬಣ್ಣ. ಅದು ಒಣಗಿದ ಮೇಲೆ ಹಸಿರು. ಜಲವರ್ಣ ಪಾರದರ್ಶಕ, ಕೆಳಗಿನದ್ದು ಮೇಲೆ ಇಣುಕುತ್ತದೆ. ನೋಡುವವರಿಗೆ ಇದು ಗೊತ್ತಾಗುತ್ತದಾ? ಇಲ್ಲ. ಹಸಿರು ಸ್ವಲ್ಪ ಮಂಕಾಗಿದೆ, ಅಷ್ಟೇ. ನನಗೆ ಮಾತ್ರ ಅದು ಬೇಕಿತ್ತು.

ಬೇರೆಯವರು ಇಂಥ ಜಾಗವನ್ನು ಹೇಗೆ ಬರೆದರು ಅಂತ ಹುಡುಕಿದೆ. ಜಾನ್ ಲ್ಯಾವರಿ 1919ರಲ್ಲಿ ಫ್ರಾನ್ಸಿನ ಎಟಾಪ್ಲ್ ಸಮಾಧಿ ಸ್ಥಳವನ್ನು ಬರೆದಿದ್ದಾರೆ. ಅದು ಆಯಿಲ್. ಆಗಿನ್ನೂ ಕಲ್ಲು ಬಂದಿರಲಿಲ್ಲ, ಮರದ ಶಿಲುಬೆಗಳು. ಸ್ಟ್ಯಾನ್ಲಿ ಸ್ಪೆನ್ಸರ್ ಅಂತೂ ಇಂಗ್ಲೆಂಡಿನ ಬರ್ಗ್‌ಕ್ಲೇರ್ ಊರಿನ ಸ್ಮಾರಕ ಪ್ರಾರ್ಥನಾ ಮಂದಿರದ ಗೋಡೆಯಲ್ಲಿ ಸಾಲನ್ನೇ ಮುರಿದುಬಿಟ್ಟರು. ಅಲ್ಲಿ ಸತ್ತ ಸೈನಿಕರು ಎದ್ದು ಬರುತ್ತಿದ್ದಾರೆ, ಬಿಳಿ ಶಿಲುಬೆಗಳು ಸೌದೆಯಂತೆ ಒಂದರ ಮೇಲೊಂದು ಬಿದ್ದಿವೆ. ಕವಾಯತು ಮುಗಿಯಿತು ಅನ್ನುವ ಹಾಗೆ.

ಆದರೆ ನನಗೆ ಪಾಠ ಆದದ್ದು ಸಮಾಧಿಯನ್ನು ಬರೆಯದ ಒಬ್ಬರಿಂದ. ಎರಿಕ್ ರವಿಲಿಯಸ್. ಜಲವರ್ಣದವರು. ಅವರ ಬ್ರಷ್ಷು ಒಣ ಒಣ, ಗೆರೆ ಗೆರೆಯಾಗಿ ಬಣ್ಣ ಇಡುತ್ತಿದ್ದರು. ಗೆರೆಗಳ ನಡುವೆ ಕಾಗದ ಉಸಿರಾಡುತ್ತದೆ. ಇಂಗ್ಲೆಂಡಿನ ಗುಡ್ಡಗಳ ಮೇಲೆ ಹುಲ್ಲು ಕೆತ್ತಿ ಸುಣ್ಣಕಲ್ಲು ಕಾಣಿಸಿ ಮಾಡಿದ ಬಿಳಿ ಕುದುರೆಗಳಿವೆ, ಅವನ್ನು 1939ರಲ್ಲಿ ಬರೆದಿದ್ದಾರೆ. ಗುಡ್ಡದಲ್ಲಿ ಹುಲ್ಲು ತೆಗೆದರೆ ಕುದುರೆ, ಕಾಗದದಲ್ಲಿ ಹುಲ್ಲು ಬರೆಯದೆ ಬಿಟ್ಟರೆ ಕುದುರೆ. ಎರಡನೇ ಮಹಾಯುದ್ಧದಲ್ಲಿ ಅವರೂ ಯುದ್ಧ ಚಿತ್ರಕಾರ. 1942ರ ಸೆಪ್ಟೆಂಬರಿನಲ್ಲಿ ಐಸ್‌ಲ್ಯಾಂಡಿನಿಂದ ವಿಮಾನ ಹತ್ತಿ ಹೋದರು. ಹಿಂದಿನ ದಿನ ಕಾಣೆಯಾಗಿದ್ದ ಇನ್ನೊಂದು ವಿಮಾನವನ್ನು ಹುಡುಕಲು. ಇದೂ ವಾಪಸ್ ಬರಲಿಲ್ಲ. 39 ವರ್ಷ. ಸಮಾಧಿ ಇಲ್ಲ. ಚ್ಯಾಥಮ್‌ನ ನೌಕಾ ಸ್ಮಾರಕದಲ್ಲಿ ಹೆಸರಿದೆ. ಅವರ ಚಿತ್ರ ನೋಡಿದ ಮೇಲೆ ನಾನು ಮಾಸ್ಕಿಂಗ್ ಬಾಟಲಿ ಪಕ್ಕಕ್ಕಿಟ್ಟೆ. ಪ್ರತಿ ಕಲ್ಲಿನ ಸುತ್ತಲೂ ಬ್ರಷ್ ಹಿಡಿದು ಹೋದೆ. ಅರವತ್ತನಾಲ್ಕು ಸಲ.

ಚಿತ್ರದ ಹಿಂಬದಿಯ ಬಿಳಿ ಪಟ್ಟಿಗಳನ್ನು ಏನು ಮಾಡಿದೆ ಅಂತ ಕೇಳಬಹುದು. ಹೆಸರು ಬಿಡಬೇಕಾಗಿ ಬಂದರೆ ಬಿಡುತ್ತೇನೆ, ಆದರೆ ಮೇಲೆ ಬಣ್ಣ ಬಳಿದು ಮುಚ್ಚುವುದಿಲ್ಲ. ಆ ಪಟ್ಟಿಗಳೂ ಬರಿ ಕಾಗದ. ಈಗ ಹಿಂದಿನ ಸಾಲಿನವರು ಹೇಳಿ, ನಿಮಗೆ ಅಲ್ಲಿ ಏನು ಕಾಣುತ್ತದೆ? ಕಲ್ಲುಗಳು ಅಂತೀರಿ. ಎಷ್ಟು? ತುಂಬಾ ಅಂತೀರಿ. ಮುಂದೆ ಕೂತವರಿಗೆ ಅಲ್ಲಿ ಏನೂ ಇಲ್ಲ, ಬಿಳಿ ಕಾಗದ ಅಷ್ಟೇ. ದೂರದವರು ಬೇಕು ಅಂದದ್ದು ಇದಕ್ಕೆ.

ಎಲ್ಲಾ ದೇಶದವರೂ ಬಿಳಿ ಕಲ್ಲು ನಿಲ್ಲಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ಇದೇ ಸೀಮೆಯಲ್ಲಿ ಲ್ಯಾಂಗಮಾರ್ಕ್ ಅಂತ ಜರ್ಮನ್ ಸಮಾಧಿ ಸ್ಥಳ ಇದೆ. ಅಲ್ಲಿ ಕಲ್ಲುಗಳು ಗಾಢ ಬಣ್ಣದವು, ನೆಲಕ್ಕೆ ಸಮವಾಗಿ ಮಲಗಿವೆ. ಮೇಲೆ ಓಕ್ ಮರಗಳ ನೆರಳು. 44,000ಕ್ಕೂ ಜಾಸ್ತಿ ಜನ ಅಲ್ಲಿದ್ದಾರೆ, ಅವರಲ್ಲಿ ಸುಮಾರು 25,000 ಜನ ಒಂದೇ ದೊಡ್ಡ ಗುಂಡಿಯಲ್ಲಿ. ಅದನ್ನು ದೂರದಿಂದ ಬರೆದರೆ ತೋಪಿನ ಚಿತ್ರ ಆಗುತ್ತದೆ. ಒಬ್ಬನೂ ಕಾಣುವುದಿಲ್ಲ. ಯಾವುದು ಸರಿ ಅಂತ ಕೇಳಬೇಡಿ. ಆ ಚಿತ್ರಕ್ಕೆ ನಾನು ಎರಡು ಸಲ ಕೂತು ಎರಡು ಸಲವೂ ಎದ್ದು ಬಂದಿದ್ದೇನೆ.

ಪ್ರಶ್ನೆಗಳಿದ್ದರೆ ಕೇಳಿ.

ಫೋಟೋ ನೋಡಿ ಬರೆಯಬಹುದಾ ಅಂತ ಒಬ್ಬರು ಕೇಳಿದರು.

ಬರೆಯಬಹುದು, ನಾನೂ ಸ್ವಲ್ಪ ನೋಡಿದ್ದೇನೆ. ಆದರೆ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಬಿಳಿ ಸುಟ್ಟುಹೋಗಿರುತ್ತದೆ, ಎಲ್ಲಾ ಕಲ್ಲೂ ಒಂದೇ ಬಿಳಿ. ಅಲ್ಲಿ ಹಾಗಿಲ್ಲ. ಒಂದಕ್ಕೆ ಪಾಚಿ ಹತ್ತಿರುತ್ತದೆ. ಒಂದರ ಅಕ್ಷರ ಸವೆದು, ಅದನ್ನು ತೆಗೆದು ಹೊಸದು ನಿಲ್ಲಿಸಿರುತ್ತಾರೆ, ಅದು ಪಕ್ಕದ್ದಕ್ಕಿಂತ ಬೆಳ್ಳಗೆ. ಇನ್ನೊಂದು, ನೀವು ನಡೆಯುವಾಗ ಸಾಲುಗಳು ತೆರೆದು ಮುಚ್ಚುತ್ತವೆ. ಒಂದು ಹೆಜ್ಜೆಗೆ ಎಲ್ಲ ಚೆಲ್ಲಾಪಿಲ್ಲಿ, ಮುಂದಿನ ಹೆಜ್ಜೆಗೆ ನೇರ ಓಣಿ. ಯಾವ ಹೆಜ್ಜೆಯಲ್ಲಿ ನಿಲ್ಲಬೇಕು ಅನ್ನುವುದನ್ನು ಫೋಟೋ ನಿಮ್ಮ ಪರವಾಗಿ ಮೊದಲೇ ತೀರ್ಮಾನ ಮಾಡಿರುತ್ತದೆ.

ಕೊನೆಯ ಪ್ರಶ್ನೆ, ಚಿತ್ರದ ಹತ್ತಿರ ಬಂದು ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದವರದು. ಶಿಲುಬೆಯ ಹತ್ತಿರ ಕಲ್ಲುಗಳು ಸಾಲು ತಪ್ಪಿವೆಯಲ್ಲ, ಮತ್ತೆ ಇಲ್ಲಿ ಎರಡು ಕಲ್ಲು ಒಂದಕ್ಕೊಂದು ಅಂಟಿಕೊಂಡಿವೆ, ಕೈ ಜಾರಿತಾ ಅಂದರು.

ಇಲ್ಲ. ಸಾಲು ತಪ್ಪಿರುವುದು ಯುದ್ಧದ ಕಾಲದ ಸಮಾಧಿಗಳು. ಆ ಶಿಲುಬೆಯ ಅಡಿಯಲ್ಲಿ ಜರ್ಮನ್ನರ ಒಂದು ಕಾಂಕ್ರೀಟ್ ಅಡಗುದಾಣ ಇದೆ. 1917ರ ಅಕ್ಟೋಬರ್ 4ರಂದು ಆಸ್ಟ್ರೇಲಿಯಾದವರು ಅದನ್ನು ಹಿಡಿದ ಮೇಲೆ ಅಲ್ಲಿ ಗಾಯಗೊಂಡವರಿಗೆ ಪಟ್ಟಿ ಕಟ್ಟುತ್ತಿದ್ದರು. ಸತ್ತವರನ್ನು ಪಕ್ಕದಲ್ಲೇ, ಜಾಗ ಸಿಕ್ಕ ಕಡೆ ಹೂಳಿದರು. ಉಳಿದವರೆಲ್ಲ ಯುದ್ಧ ಮುಗಿದ ಮೇಲೆ ಸುತ್ತಲಿನ ಹೊಲಗಳಿಂದ ಬಂದವರು. ಮೊದಲಿನವರನ್ನು ಹಾಗೇ ಬಿಟ್ಟರು.

ಅಂಟಿಕೊಂಡ ಕಲ್ಲುಗಳೂ ಹಾಗೇ ಇರುವುದು. ಒಟ್ಟಿಗೆ ಸತ್ತು, ಯಾರು ಯಾರು ಅಂತ ಬೇರೆ ಮಾಡಲಾಗದಿದ್ದರೆ ಒಟ್ಟಿಗೆ ಹೂಳುತ್ತಿದ್ದರು. ಅಂಥ ಕಡೆ ಕಲ್ಲಿಗೆ ಕಲ್ಲು ತಾಗಿಸಿ ನಿಲ್ಲಿಸುತ್ತಾರೆ. ಬೇರೆ ಕಲ್ಲುಗಳ ನಡುವೆ ಹಸಿರು ತುಂಬಿದ ಹಾಗೆ ಅಲ್ಲೂ ತುಂಬಲು ಬ್ರಷ್ ಎತ್ತಿದ್ದೆ. ನಡುವೆ ಹುಲ್ಲು ಇರಲಿಲ್ಲ.